ಲಭ್ಯವಿಲ್ಲವೆಂದು ಬರೆದ ಹಂಚುಗಳು

ಓದುಗರಲ್ಲಿ ಮೊದಲಾಗಿ ಒಂದು ನಿವೇದನೆ. ಪತ್ರಗಳ ಹೊರತು ನಾನು ಇದುವರೆಗೆ ಏನನ್ನೂ ಬರೆದವಳಲ್ಲ. ಮಂಗಳೂರಿನಲ್ಲಿ ಕುದ್ರೋಳಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ನದಿಯ ದಡದಲ್ಲಿದ್ದ ಒಂದು ಹಂಚಿನ ಕಾರ್ಖಾನೆಯ ಕಚೇರಿಯಲ್ಲಿ, ಕಾರ್ಖಾನೆ ಮುಚ್ಚುವವರೆಗೂ ಪತ್ರವ್ಯವಹಾರದ ಗುಮಾಸ್ತೆಯಾಗಿದ್ದೆ. ಮನೆಯಲ್ಲಿ ಕೊಂಕಣಿ, ಕಾರ್ಖಾನೆಯ ಅಂಗಳದಲ್ಲಿ ತುಳು, ಕಾಗದದ ಮೇಲೆ ಮಾತ್ರ ಕನ್ನಡ ಎಂಬುದು ನನ್ನ ಜೀವಮಾನದ ಏರ್ಪಾಡು. ಆದಕಾರಣ ನನ್ನ ಕನ್ನಡದಲ್ಲಿ ಕಚೇರಿಯ ವಾಸನೆ ಇದ್ದೇ ಇರುತ್ತದೆ. ಈ ಬರಹದಿಂದ ‘ಸದರಿ’, ‘ಉಲ್ಲೇಖಿತ’ ಮುಂತಾದ ಪದಗಳನ್ನು ತೆಗೆಯಲು ಎರಡು ಸಲ ಪ್ರಯತ್ನಿಸಿದೆ. ತೆಗೆದ ಮೇಲೆ ವಾಕ್ಯಗಳು ನಿಲ್ಲಲಿಲ್ಲ. ದಯವಿಟ್ಟು ಮನ್ನಿಸಬೇಕು.

ಬರಹದ ವಿಷಯ, ವಿಜಯಪುರ ನಗರದ ಒಂದು ಗೋಡೆ. ನಮ್ಮ ಹಿರಿಯರು ವಿಜಾಪುರವೆಂದೇ ಕರೆಯುತ್ತಿದ್ದ ಆ ಊರು ಒಂದು ಕಾಲದಲ್ಲಿ ಆದಿಲ್‌ಶಾಹಿ ಬಾದಶಹರ ರಾಜಧಾನಿಯಾಗಿತ್ತೆಂದು ಎಲ್ಲರಿಗೂ ತಿಳಿದಿದೆ. ನನಗೆ ಶಾಲೆಯಿಂದ ನೆನಪಿದ್ದದ್ದು ಗೋಲಗುಮ್ಮಟದ ಒಳಗೆ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎಂಬುದು ಮಾತ್ರ. ಅಂತಹ ನಗರದ ಪರಂಪರೆಗೂ ನನ್ನಂಥವಳ ಮೇಜಿಗೂ ಸಂಬಂಧ ಬರಬಹುದೆಂದು ನಾನು ಎಣಿಸಿರಲಿಲ್ಲ. ಸದರಿ ಗೋಡೆಯ ಮೇಲೆ ಬಾದಶಾಹಿ ಕಾಲದ ಬಣ್ಣದ ಚಿತ್ರವಿತ್ತು. ಈಗ ಅದಿಲ್ಲ. ಅದು ಇಲ್ಲವಾಗುವುದಕ್ಕೆ ಕಾರಣವಾದ ಪತ್ರವನ್ನು ಬರೆದವಳು ನಾನು.

ಹೇಗೆಂಬುದನ್ನು ಕ್ರಮವಾಗಿ ತಿಳಿಸುತ್ತೇನೆ.

ನಮ್ಮ ಕಾರ್ಖಾನೆಯ ಹಂಚು ಒಂದು ಕಾಲದಲ್ಲಿ ಬಹಳ ದೂರ ಹೋಗಿತ್ತು. ಪ್ರತಿ ಹಂಚಿನ ಬೆನ್ನಿನ ಮೇಲೆ ಎರಡು ಮೀನಿನ ಮುದ್ರೆ ಇರುತ್ತಿತ್ತು. ಎಲ್ಲಿಯೋ ಒಂದು ಹಳೆಯ ಬಂಗಲೆಯ, ಇಗರ್ಜಿಯ ಅಥವಾ ಪ್ರವಾಸಿ ಮಂದಿರದ ಮಾಡಿನ ಮೇಲಿನ ಹಂಚು ಒಡೆದರೆ, ಅಲ್ಲಿಯವರು ಆ ಮುದ್ರೆಯನ್ನು ನೋಡಿ ನಮಗೆ ಬರೆಯುತ್ತಿದ್ದರು. ಅವರಿಗೆ ಉತ್ತರಿಸುವುದಕ್ಕೆ ಒಂದು ಪದ್ಧತಿ ಇತ್ತು. ಪತ್ರ ಬಂದೊಡನೆ ನಾನು ಗುಲಾಬಿ ಬಣ್ಣದ ಒಂದು ಚೀಟಿಯಲ್ಲಿ ಹಂಚಿನ ಮಾದರಿಯನ್ನು ಬರೆದು ಅಚ್ಚಿನ ಕೋಣೆಗೆ ಕಳುಹಿಸಬೇಕು. ಅಲ್ಲಿಯ ಮೇಸ್ತ್ರಿಗಳು ಅಚ್ಚು ಇದೆಯೋ, ಹಳೆಯ ದಾಸ್ತಾನು ಎಲ್ಲಿಯಾದರೂ ಉಳಿದಿದೆಯೋ ಎಂದು ನೋಡಿ, ‘ಉಂಟು’ ಅಥವಾ ‘ಇಲ್ಲ’ ಎಂದು ಬರೆದು ಸಹಿ ಮಾಡಿ ಹಿಂದಿರುಗಿಸಬೇಕು. ಆಮೇಲೆಯೇ ಉತ್ತರ. ಕಾರ್ಖಾನೆಯನ್ನು ಕಟ್ಟಿದವರ ಕಾಲದಿಂದಲೂ ಹೀಗೆಯೇ ನಡೆದಿತ್ತು.

ಅಚ್ಚಿನ ಮೇಸ್ತ್ರಿಗಳು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಾಲಗೆಯಲ್ಲಿಯೂ ಹಾಗೆಯೇ. ಹಂಚು ಹೊರುವ ಹೆಂಗಸರಿಂದ ಹಿಡಿದು ದಣಿಗಳ ವರೆಗೆ ಯಾರನ್ನೂ ತಮಾಷೆ ಮಾಡದೆ ಬಿಟ್ಟವರಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಚೀಟಿ ಒಯ್ಯುವ ಆಳು ಬಂದಿರಲಿಲ್ಲವಾಗಿ ನಾನೇ ಕೊಡೆ ಹಿಡಿದುಕೊಂಡು, ಸೀರೆಯ ಅಂಚು ಎತ್ತಿಕೊಂಡು, ಕೆಸರಿನ ಅಂಗಳ ದಾಟಿ ಅಚ್ಚಿನ ಕೋಣೆಗೆ ಹೋದೆ. ಅಲ್ಲಿ ಇಪ್ಪತ್ತು ಜನ ಇದ್ದರು.

“ಎಲ್ಲ ಹಂಚುಗಳು ಎದ್ದು ನಿಲ್ಲಿ ಮಾರಾಯ್ರೆ,” ಎಂದರು ಮೇಸ್ತ್ರಿಗಳು. “ಬಾಯಮ್ಮ ಹಾಜರಿ ಕರೀಲಿಕ್ಕೆ ಬಂದಿದ್ದಾರೆ.”

ಕ್ರಿಸ್ತುವರ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎಂದು ಕರೆಯುವುದು ವಾಡಿಕೆ, ಅದರಲ್ಲಿ ಅಗೌರವವಿಲ್ಲ. ಆದರೆ ಇಪ್ಪತ್ತು ಜನರೂ ನಕ್ಕರು. ನಾನು ಚೀಟಿಯನ್ನು ಮೇಜಿನ ಮೇಲಿಟ್ಟು ಹಿಂದೆ ಬಂದೆ. ಇಷ್ಟು ಸಣ್ಣ ವಿಷಯವನ್ನು ಇಲ್ಲಿ ದಾಖಲಿಸಲು ನನಗೆ ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಆ ದಿನದ ನಂತರ ನಾನು ಅಚ್ಚಿನ ಕೋಣೆಗೆ ಚೀಟಿ ಕಳುಹಿಸುವುದನ್ನು ನಿಲ್ಲಿಸಿದೆ. ನನ್ನ ಮೇಜಿನಲ್ಲಿ ಚಾಲ್ತಿಯಲ್ಲಿರುವ ಮಾದರಿಗಳ ಪಟ್ಟಿಯೊಂದಿತ್ತು. ಪಟ್ಟಿಯಲ್ಲಿ ಇದ್ದರೆ ‘ಲಭ್ಯವಿದೆ’, ಇಲ್ಲದಿದ್ದರೆ ‘ಲಭ್ಯವಿಲ್ಲ’. ಉತ್ತರಗಳು ಮೊದಲಿಗಿಂತ ಬೇಗ ಹೋಗತೊಡಗಿದವು. ದಣಿಗಳು ಒಮ್ಮೆ ಮೆಚ್ಚಿಕೊಂಡದ್ದೂ ಉಂಟು.

ವಿಜಯಪುರದ ಮೊದಲನೆಯ ಪತ್ರ ಬಂದದ್ದು ಇದಾದ ಮರುವರ್ಷದ ಬೇಸಗೆಯಲ್ಲಿ. ಅದರೊಂದಿಗೆ ಬಟ್ಟೆಯಲ್ಲಿ ಹೊಲಿದ ಒಂದು ಪೊಟ್ಟಣವೂ ಇತ್ತು. ಬಿಚ್ಚಿದರೆ ಒಳಗೆ ನಮ್ಮದೇ ಹಂಚಿನ ಒಂದು ತುಂಡು, ಮೀನಿನ ಮುದ್ರೆಯಿರುವ ಭಾಗ. ಪತ್ರವನ್ನು ಬರೆದವರು ಅಲ್ಲಿಯ ಕೋಟೆಯ ಒಳಗಿನ ಒಂದು ಚಿಕ್ಕ ಮಹಲನ್ನು ತಲೆಮಾರುಗಳಿಂದ ನೋಡಿಕೊಂಡು ಬಂದಿದ್ದ ಮನೆತನದ ಹಿರಿಯರು. ಪ್ರವಾಸಿಗರಿಗೆ ತೋರಿಸುವ ದೊಡ್ಡ ಸ್ಮಾರಕಗಳ ಸಾಲಿನಲ್ಲಿ ಆ ಮಹಲು ಇರಲಿಲ್ಲ. ಮೊಹಲ್ಲೆಯವರೇ ಮಾಡಿಕೊಂಡಿದ್ದ ಒಂದು ಕಮಿಟಿ ಅದನ್ನು ಹೇಗೋ ಉಳಿಸಿಕೊಂಡಿತ್ತು. ಅಕ್ಷರ ದುಂಡಗೆ, ಒಂದೂ ಚಿತ್ತಿಲ್ಲದೆ ಇತ್ತು. ಒಕ್ಕಣೆಯ ಮುಖ್ಯ ಭಾಗವನ್ನು ನೆನಪಿನಿಂದ ಕೊಡುತ್ತಿದ್ದೇನೆ.

“ಹಳೆಯ ಗಾರೆಯ ಮಾಳಿಗೆ ಬಿದ್ದ ಮೇಲೆ, ಬ್ರಿಟಿಷರ ಕಾಲದಲ್ಲಿ ನಮ್ಮ ಮಹಲಿನ ಪಡಸಾಲೆಗೆ ತಮ್ಮ ಊರಿನ ಹಂಚು ಹೊದಿಸಿದ್ದಾರೆ. ಈಗ ಮಂಗಗಳು ಕುಣಿದು ಒಡೆದಿವೆ. ಹಂಚಿನ ಕೆಳಗೆ ಬಾದಶಾಹಿ ಕಾಲದ ಬಣ್ಣದ ಗೋಡೆ ಇದೆ. ಹೋದ ವರ್ಷ ಅದಕ್ಕೆ ನೀರು ತಾಗಿತು. ಹೊಸ ಅಳತೆಯ ಹಂಚು ಹಳೆಯ ರೀಪುಗಳ ಮೇಲೆ ಕೂರುವುದಿಲ್ಲ, ರೀಪು ಕಿತ್ತರೆ ಗೋಡೆಯ ನೆತ್ತಿ ಬಿಡುತ್ತದೆ. ಬರುವ ಮಳೆಯ ಒಳಗೆ ಇದೇ ಅಚ್ಚಿನ ನೂರಾ ಇಪ್ಪತ್ತು ಹಂಚು ಬೇಕು. ತಮ್ಮ ಊರಿನ ಮಣ್ಣು ಇಷ್ಟು ವರ್ಷ ಬಾದಶಹರ ಗೋಡೆಗೆ ಕೊಡೆ ಹಿಡಿದಿದೆ. ಇನ್ನಷ್ಟು ವರ್ಷ ಹಿಡಿಯಲೆಂದು ವಿನಂತಿ.”

ಪತ್ರ ಚೆನ್ನಾಗಿದೆ ಎಂದುಕೊಂಡೆ. ಪಟ್ಟಿಯನ್ನು ನೋಡಿದೆ. ಆ ಮಾದರಿ ಅದರಲ್ಲಿರಲಿಲ್ಲ. ಅಂದು ಮಧ್ಯಾಹ್ನದೊಳಗೆ ಉತ್ತರ ಹೋಯಿತು: “ಸದರಿ ಮಾದರಿಯ ಹಂಚುಗಳ ತಯಾರಿಕೆಯನ್ನು ಬಹಳ ಹಿಂದೆಯೇ ನಿಲ್ಲಿಸಲಾಗಿದ್ದು, ಪ್ರಸ್ತುತ ನಮ್ಮಲ್ಲಿ ಲಭ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.” ವಿಷಾದಿಸುತ್ತೇವೆ ಎಂಬ ಪದವನ್ನು ನಾನು ವಾರಕ್ಕೆ ಹತ್ತು ಸಲವಾದರೂ ಬರೆಯುತ್ತಿದ್ದೆ. ಬರೆಯುವಾಗ ಕೈ ಅದರಷ್ಟಕ್ಕೇ ಹೋಗುತ್ತಿತ್ತು.

ಹದಿನೈದು ದಿನಗಳಲ್ಲಿ ಅವರ ಎರಡನೆಯ ಪತ್ರ ಬಂತು. ಹೊಸದಾಗಿ ಮಾಡಿಕೊಡಬೇಕೆಂದು ತಾವು ಕೇಳುತ್ತಿಲ್ಲವೆಂದೂ, ಇಷ್ಟು ಹಳೆಯ ಕಾರ್ಖಾನೆಯಲ್ಲಿ ಯಾವುದಾದರೂ ಮೂಲೆಯಲ್ಲಿ, ಬಾವಿಕಟ್ಟೆಯ ಹತ್ತಿರ, ಮರದ ಕೆಳಗೆ, ಯಾರೂ ಕೇಳದ ಹಳೆಯ ಹಂಚು ಬಿದ್ದಿರುವುದು ಸಹಜವೆಂದೂ, ದಯಮಾಡಿ ಒಮ್ಮೆ ಯಾರನ್ನಾದರೂ ಕಳುಹಿಸಿ ನೋಡಿಸಬೇಕೆಂದೂ ಬರೆದಿದ್ದರು. ನನಗೆ ಸ್ವಲ್ಪ ಬೇಸರವಾಯಿತು. ಒಮ್ಮೆ ಇಲ್ಲವೆಂದು ಬರೆದದ್ದನ್ನು ನಂಬಲಿಲ್ಲವಲ್ಲ ಎಂದು. ನೋಡಿಸಬೇಕಾದರೆ ಮೇಸ್ತ್ರಿಗಳಿಗೆ ಚೀಟಿ ಬರೆಯಬೇಕಿತ್ತು. ನಾನು ಬರೆಯಲಿಲ್ಲ. “ಉಲ್ಲೇಖಿತ ಪತ್ರದಲ್ಲಿ ಈಗಾಗಲೇ ತಿಳಿಸಿರುವಂತೆ, ಪುನಃ ಪರಿಶೀಲಿಸಲಾಗಿ, ಸದರಿ ಹಂಚುಗಳು ಲಭ್ಯವಿಲ್ಲ” ಎಂದು ಉತ್ತರಿಸಿದೆ. ಪುನಃ ಪರಿಶೀಲಿಸಿದ್ದು ಎಂತದನ್ನು? ಮೇಜಿನಲ್ಲಿದ್ದ ಪಟ್ಟಿಯನ್ನೂ ಎರಡನೆಯ ಸಲ ತೆರೆದಿರಲಿಲ್ಲ. ಲಕೋಟೆ ಅಂಟಿಸಿ, ಕೈ ತೊಳೆದು, ಎಂದಿನಂತೆ ಊಟದ ಡಬ್ಬಿ ಹಿಡಿದುಕೊಂಡು ಬಾದಾಮಿ ಮರದ ಕೆಳಗಿನ ಬೆಂಚಿಗೆ ಹೋದೆ. ಕಚೇರಿಯ ಹೆಂಗಸರು ಊಟಕ್ಕೆ ಕೂರುತ್ತಿದ್ದದ್ದು ಅಲ್ಲಿ.

ಮೂರನೆಯ ಪತ್ರ ಬರಲಿಲ್ಲ. ಅವರು ಕಳುಹಿಸಿದ್ದ ಹಂಚಿನ ತುಂಡು ನನ್ನ ಮೇಜಿನ ಮೇಲೆ ಉಳಿಯಿತು. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಭಾರ ಇಡಲು ಅನುಕೂಲವಾಗಿತ್ತು.

ಕೆಲವು ವರ್ಷಗಳ ನಂತರ ಕಾರ್ಖಾನೆ ಮುಚ್ಚಿತು. ನಮ್ಮ ನದೀತೀರದ ಹಂಚಿನ ಕಾರ್ಖಾನೆಗಳೆಲ್ಲ ಒಂದೊಂದಾಗಿ ಮುಚ್ಚುತ್ತಲೇ ಇದ್ದುದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಜಾಗವನ್ನು ಅಪಾರ್ಟ್‌ಮೆಂಟ್ ಕಟ್ಟುವವರು ತೆಗೆದುಕೊಂಡರು. ಕಚೇರಿಯ ಕಡತಗಳನ್ನು ವಿಂಗಡಿಸಲು ನನ್ನನ್ನೂ, ಕಬ್ಬಿಣದ ಅಚ್ಚುಗಳನ್ನು ವಿಂಗಡಿಸಲು ಮೇಸ್ತ್ರಿಗಳನ್ನೂ ಒಂದು ವಾರ ಕರೆಸಿಕೊಂಡಿದ್ದರು. ಕೊನೆಯ ದಿನ, ನಾವು ಊಟಕ್ಕೆ ಕೂರುತ್ತಿದ್ದ ಬೆಂಚಿನ ಹಲಗೆ ಒಳ್ಳೆಯ ಹಲಸಿನದೆಂದೂ, ಮನೆಗೆ ಒಯ್ಯುವುದಾದರೆ ಒಯ್ಯಬಹುದೆಂದೂ ಮೇಸ್ತ್ರಿಗಳು ಹೇಳಿದರು. ಆಗ ನಮ್ಮಿಬ್ಬರ ನಡುವೆ ಮಾತಿಗೆ ತೊಂದರೆಯಿರಲಿಲ್ಲ. ಮುಚ್ಚಿದ ಕಾರ್ಖಾನೆಯಲ್ಲಿ ಹಳೆಯ ಸಿಟ್ಟನ್ನು ಇಟ್ಟುಕೊಂಡು ಮಾಡುವುದೇನು?

“ಜಾಗ್ರತೆ ಬಾಯಮ್ಮ, ಅಡಿಯಲ್ಲಿ ಚೇಳು ಇರ್ತದೆ,” ಎಂದು ಒಂದು ತುದಿಯನ್ನು ಅವರು ಎತ್ತಿದರು, ಇನ್ನೊಂದನ್ನು ನಾನು.

ಹಲಗೆಯ ಕೆಳಗೆ, ಅಂಚಿಗೆ ನಿಲ್ಲಿಸಿ, ಎರಡು ಅಂತಸ್ತಾಗಿ ಒತ್ತೊತ್ತಾಗಿ ಜೋಡಿಸಿದ ಹಂಚುಗಳಿದ್ದವು. ಹೊರಗಿನ ಅಂಚುಗಳಿಗೆ ಪಾಚಿ ಹಿಡಿದು, ಕಲ್ಲಿನ ಕಟ್ಟೆಯಂತೆ ಕಾಣುತ್ತಿದ್ದುದರಿಂದ ನಾನು ಅದನ್ನು ಕಟ್ಟೆಯೆಂದೇ ತಿಳಿದಿದ್ದೆ. ಒಂದನ್ನು ಎಳೆದು ತಿರುಗಿಸಿದೆ. ಎರಡು ಮೀನು, ಅವುಗಳ ಸುತ್ತ ಬಳ್ಳಿಯಂತಹ ಗೆರೆ. ಚಾಲ್ತಿಯ ಹಂಚಿನಲ್ಲಿ ಆ ಗೆರೆ ಇರಲಿಲ್ಲ. ನನ್ನ ಮೇಜಿನ ಮೇಲಿನ ತುಂಡಿನಲ್ಲಿ ಇತ್ತು.

“ಇದು ಯಾವ ಹಂಚು ಮೇಸ್ತ್ರಿಗಳೇ?”

“ಹಳೇ ಅಚ್ಚಿನದ್ದು. ಆ ಅಚ್ಚು ಬಿರುಕು ಬಿಡುವ ಮೊದಲು ಸುಟ್ಟ ಕೊನೇ ಒಲೆಯದ್ದು. ಕೇಳುವವರಿರಲಿಲ್ಲ. ನೀವು ಹೆಂಗಸರಿಗೆ ಕೂತ್ಕೊಳ್ಳಿಕ್ಕಾದರೂ ಆಗ್ತದೆ ಅಂತ ನಾನೇ ಇಟ್ಟದ್ದು.”

“ನನಗೆ ಯಾಕೆ ಹೇಳ್ಲಿಲ್ಲ?”

ಅವರು ಹಲಗೆಯನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ನೀವು ಎಲ್ಲಿ ಕೇಳಿದ್ದು? ನಿಮ್ಮ ಚೀಟಿ ಬರುವುದೇ ನಿಂತಿತಲ್ಲ. ಬಾಯಮ್ಮನಿಗೆ ನನ್ನ ಮೇಲೆ ಸಿಟ್ಟು ಉಂಟು ಅಂತ ನಾನೂ ಸುಮ್ಮನಾದೆ.”

ನೂರೈವತ್ತಕ್ಕೆ ಕಡಿಮೆಯಿರಲಿಲ್ಲ. ಎರಡನೆಯ ಪತ್ರಕ್ಕೆ ಉತ್ತರ ಬರೆದ ದಿನ ನಾನು ಇವುಗಳ ಮೇಲೆ ಕುಳಿತೇ ಊಟ ಮಾಡಿದ್ದೆ. ವಿಜಯಪುರದ ಸಂಗತಿಯನ್ನು ಮೇಸ್ತ್ರಿಗಳಿಗೆ ಹೇಳಿದೆ. ಅವರು ಈ ಸಲ ತಮಾಷೆ ಮಾಡಲಿಲ್ಲ. ಗೋಣಿಚೀಲ ತಂದು, ಬೈಹುಲ್ಲು ಹಾಸಿ, ಎಂಟು ಹಂಚುಗಳನ್ನು ಎರಡು ಕಟ್ಟಾಗಿ ಕಟ್ಟಿಕೊಟ್ಟರು. ಒಬ್ಬ ಹೆಂಗಸು ಬಸ್ಸಿನಲ್ಲಿ ಒಯ್ಯಬಹುದಾದದ್ದು ಅಷ್ಟೇ. ಮೊದಲು ಹೋಗಿ ನೋಡಿ ಬನ್ನಿ, ಅವರಿಗೆ ಈಗಲೂ ಬೇಕಾಗಿದ್ದರೆ ಉಳಿದದ್ದನ್ನು ಲಾರಿಯಲ್ಲಿ ಕಳುಹಿಸುವ ವ್ಯವಸ್ಥೆ ಮಾಡುವ ಎಂದರು. ಕಟ್ಟಡ ಕಟ್ಟುವವರು ಕೆಲಸ ಶುರು ಮಾಡಲು ಇನ್ನೂ ಬಹಳ ಸಮಯವಿದೆಯೆಂದು ನಮಗೆ ತಿಳಿದುಬಂದಿತ್ತು.

ಹೀಗೆ ನಾನು ಬಾದಶಹರ ರಾಜಧಾನಿಗೆ ಹೋದೆ. ಕೆಂಪು ಮಣ್ಣು, ಹಸಿರು ಇಳಿಜಾರು, ಹಂಚಿನ ಮಾಡು ಇವುಗಳನ್ನೇ ನೋಡಿ ಬೆಳೆದ ನನ್ನ ಕಣ್ಣಿಗೆ ಆ ಬಯಲು ಮೊದಲು ಬರಿದಾಗಿ ಕಂಡಿತು. ಬಸ್ಸು ತಿರುಗಿದಾಗ ದೂರದಲ್ಲಿ ಗುಮ್ಮಟ ಎದ್ದಿತು. ಎಷ್ಟು ಹೊತ್ತು ಪ್ರಯಾಣ ಮಾಡಿದರೂ ಅದು ಕಣ್ಣಿನ ಅಂಚಿನಿಂದ ಹೋಗಲಿಲ್ಲ. ಊರಿನೊಳಗೆ ಕೋಟೆಗೋಡೆಯ ಮೇಲೆ ಕೌದಿ ಒಣಹಾಕಿದ್ದರು. ಒಂದು ಕಮಾನಿನ ಕೆಳಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಅರಸರು ಹೋದ ಮೇಲೂ ಜನ ಆ ಕಲ್ಲುಗಳ ನಡುವೆ ತಮ್ಮ ಸಂಸಾರ ನಡೆಸಿಕೊಂಡೇ ಇದ್ದರು. ಪರಂಪರೆ ಎಂದರೆ ಬೇಲಿಯ ಒಳಗೆ ಬೋರ್ಡು ಹಾಕಿ ಇಟ್ಟದ್ದು ಎಂದು ಎಣಿಸಿದ್ದ ನನಗೆ ಇದು ಹೊಸದು. ನೋಡಿಕೊಳ್ಳುವವರು ಒಬ್ಬರು ಇರುವವರೆಗೆ ಮಾತ್ರ ಇರುವ ವಸ್ತು ಅದು ಎಂದು ಅಂದು ಅನ್ನಿಸಿತು.

ಮಹಲಿನ ಹಿರಿಯರು ಬಾಗಿಲಲ್ಲೇ ಕುಳಿತಿದ್ದರು. ಬಿಳಿಯ ಪೈಜಾಮ, ತಲೆಗೆ ಟೊಪ್ಪಿಗೆ, ಒಂದು ಕಣ್ಣಿಗೆ ಆಪರೇಶನ್ ಆಗಿ ಹಸಿರು ಪಟ್ಟಿ. ನಾನು ಮಂಗಳೂರಿನ ಹಂಚಿನ ಕಾರ್ಖಾನೆಯವಳು ಎಂದೊಡನೆ ಎದ್ದು ನಿಂತರು.

“ಕಾಗದ ಬರೀತಿದ್ದವ್ರ ನೀವೇನ್ರಿ? ಬರ್ರಿ ಅಕ್ಕಾರ, ಬರ್ರಿ. ನಿಮ್ಮ ಅಕ್ಷರ ಭಾಳ ಚೊಲೊ ಅದಾವ್ರಿ.”

ಕುರ್ಚಿ ಒರೆಸಿ ಕೂರಿಸಿದರು, ಚಹಾ ತರಿಸಿದರು. ಗೋಣಿಚೀಲಗಳನ್ನು ಅವರ ಎದುರು ಬಿಚ್ಚುವ ಮೊದಲು ಗೋಡೆಯನ್ನು ನೋಡಬೇಕೆಂದೆ. ಪಡಸಾಲೆಗೆ ಕರೆದೊಯ್ದರು. ಮೇಲೆ ಹಂಚಿರಲಿಲ್ಲ, ತಗಡಿತ್ತು. ಕೆಳಗೆ ಉದ್ದಕ್ಕೂ ಸುಣ್ಣ ಬಳಿದ ಗೋಡೆ. ಹಂಚಿಗಾಗಿ ಹುಡುಕುತ್ತಾ ಎರಡು ಮಳೆಗಾಲ ಕಳೆದವಂತೆ. ತಗಡು ಬರುವ ಹೊತ್ತಿಗೆ ಗಾರೆ ಉಬ್ಬಿ ಉದುರತೊಡಗಿತ್ತಂತೆ. ತಗಡಿನ ಕಾವಿಗೆ ಉಳಿದದ್ದೂ ಬಿಟ್ಟಿತಂತೆ. ಕೊನೆಗೆ ಕಮಿಟಿಯವರು ಸುಣ್ಣ ಹೊಡೆಸಿದರು.

ಹಿರಿಯರು ಆ ಬಿಳಿಯ ಗೋಡೆಯ ಮುಂದೆ ನಿಂತು ಬೆರಳಿನಿಂದ ತೋರಿಸುತ್ತ ಹೋದರು. ಈ ಗೂಡಿನಲ್ಲಿ ನೀಲಿ ಹೂಜಿ, ಅದರ ಕುತ್ತಿಗೆ ತೆಳ್ಳಗೆ. ಹೂಜಿಯಿಂದ ಎದ್ದ ಹೂಗಳು, ಎಡಕ್ಕೆ ಮೂರು, ಬಲಕ್ಕೆ ಎರಡು, ಯಾಕೆಂದರೆ ಬಲಗಡೆಯ ಮೂರನೆಯದು ಅವರ ಅಜ್ಜನ ಕಾಲದಲ್ಲೇ ಹೋಗಿತ್ತು. ಇಲ್ಲಿ ಒಂದು ಗಿಳಿ. ಅದರ ಕೊಕ್ಕಿಗೆ ಮಾತ್ರ ಬಂಗಾರದ ಬಣ್ಣ. ಮಗುವಾಗಿದ್ದಾಗ ಅದನ್ನು ಮುಟ್ಟಿದ್ದಕ್ಕೆ ತಾಯಿಯಿಂದ ಪೆಟ್ಟು ತಿಂದಿದ್ದರಂತೆ. ಸುಣ್ಣದ ಮೇಲೆ ಅವರ ಬೆರಳು ಎಲ್ಲಿಯೂ ತಡವರಿಸಲಿಲ್ಲ.

ಆಮೇಲೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರನ್ನು ತಂದರು. ನನ್ನ ಎರಡೂ ಪತ್ರಗಳು ಅದರಲ್ಲಿದ್ದವು.

“ಈ ಕಾಗದ ಇರಲಿಲ್ಲಂದ್ರ ತಗಡಿಗೂ ಕಮಿಟಿ ಒಪ್ಪತಿರಲಿಲ್ರಿ,” ಎಂದರು. “ಹಂಚ ತಂದ ಹಾಕು ಅಂತಿದ್ರು ಎಲ್ಲಾರೂ. ನೋಡ್ರಪ್ಪಾ, ಎರಡ ಸಲ ಹುಡುಕಿಸಿ ನೋಡಿ ಕಾರ್ಖಾನಿಯವ್ರ ಬರದಾರ, ಇಲ್ಲ ಅಂತ. ಇನ್ನೇನ ಮಾಡೂದು ಅಂದೆ. ನಿಮ್ಮಿಂದ ದೊಡ್ಡ ಉಪಕಾರ ಆತ್ರಿ.”

ಆ ಉಪಕಾರದ ಮಾತನ್ನು ಕೇಳಿದ ಮೇಲೆ ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯ ಬಾಯಿಯಿಂದ ಹೊರಡಲಿಲ್ಲ. ಗೋಣಿಚೀಲ ಬಿಚ್ಚಿದೆ. ಅವರು ಒಂದು ಹಂಚನ್ನು ಎತ್ತಿ ಮೀನಿನ ಮೇಲೆ ಕೈಯಾಡಿಸಿದರು.

“ಇವು ಎಲ್ಲಿ ಸಿಕ್ಕೂ ಅಕ್ಕಾರ?”

“ನಮ್ಮ ಊರಲ್ಲಿ ಒಂದು ಹಳೇ ಮನೆ ಕೆಡವಿದ್ರು,” ಎಂದೆ. “ಅಲ್ಲಿ ಸಿಕ್ಕಿದ್ದು. ಇಷ್ಟೇ.”

ಈ ಬರಹವನ್ನು ಬರೆಯಲು ಕೂತದ್ದು ಆ ‘ಇಷ್ಟೇ’ ಎಂಬ ಮಾತಿಗಾಗಿ. ಪತ್ರಗಳ ತಪ್ಪು ಸೋಮಾರಿತನದ್ದು, ಅಹಂಕಾರದ್ದು. ಹಂಚು ಇದೆಯೆಂದು ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು ಇದು. ಅವರು ನಂಬಿದರು. ಎಂಟು ಹಂಚುಗಳನ್ನು ಸ್ವೀಕರಿಸಿರುವುದಾಗಿ ಒಂದು ಚೀಟಿ ಬರೆದು, ಸಹಿ ಮಾಡಿ, ನನ್ನ ಕೈಗೆ ಕೊಟ್ಟರು. ಒಳಗೆ ಇನ್ನೊಂದು ಕೋಣೆಯಿದೆ, ಅದರ ಕೀಲಿ ಇನ್ನೊಬ್ಬರ ಹತ್ತಿರ ಇದೆ, ಸ್ವಲ್ಪ ಹೊತ್ತು ಕೂತರೆ ತರಿಸುತ್ತೇನೆ ಎಂದರು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ. ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇತ್ತು.

ಊರಿಗೆ ಬಂದ ಮೇಲೆ ಮೇಸ್ತ್ರಿಗಳು ಫೋನು ಮಾಡಿ ವಿಚಾರಿಸಿದರು. ಗೋಡೆ ಹೋಗಿದೆ, ಈಗ ಹಂಚು ಬೇಡವಂತೆ ಎಂದೆ. ಅವರಿಗೂ ಸುಳ್ಳೇ. ಉಳಿದ ಹಂಚುಗಳನ್ನು ಕಳುಹಿಸಿದ್ದರೆ, ಕೆಡವಿದ ಮನೆಯ ಕತೆ ಸುಳ್ಳೆಂದು ಹಿರಿಯರಿಗೆ ತಿಳಿಯುತ್ತಿತ್ತು. ಅವರ ಪ್ಲಾಸ್ಟಿಕ್ ಕವರಿನ ಒಳಗೆ ನನ್ನ ‘ಪುನಃ ಪರಿಶೀಲಿಸಲಾಗಿ’ ಕ್ಷೇಮವಾಗಿ ಇರಬೇಕಾಗಿತ್ತು. ಕಾರ್ಖಾನೆಯ ದಾರಿಯಾಗಿ ಹೋಗುವ ಬಸ್ಸನ್ನು ಬಿಟ್ಟು ಬೇರೆ ಬಸ್ಸು ಹಿಡಿಯತೊಡಗಿದೆ.

ಹೀಗೆ ಎರಡು ವರ್ಷ ಕಳೆಯಿತು. ನಾನಿರುವುದು ಬಿಕರ್ನಕಟ್ಟೆಯ ಹತ್ತಿರ. ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಕಳೆದ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಕುಳಿತಾಗ, ಪ್ರತಿವರ್ಷ ಹೇಳುವ ಸಿಟ್ಟು, ಚಾಡಿ, ಪ್ರಾರ್ಥನೆ ತಪ್ಪಿಸಿದ್ದು ಇತ್ಯಾದಿಗಳ ಕೊನೆಯಲ್ಲಿ ಇದನ್ನೂ ಹೇಳಿಬಿಟ್ಟೆ. ಗುರುಗಳು ಚಿಕ್ಕ ವಯಸ್ಸಿನವರು. ಆ ಹಿರಿಯರು ಜೀವಂತ ಇದ್ದಾರೆಯೇ ಎಂದು ಕೇಳಿದರು. ಇರಬಹುದು ಎಂದೆ. “ಹಾಗಾದರೆ ನೀವು ನನಗೆ ಹೇಳಿದ್ದು ಅರ್ಧ ಮಾತ್ರ,” ಎಂದರು.

ಅಂದು ಸಂಜೆಯೇ ಪತ್ರ ಬರೆದೆ. ಹಂಚುಗಳು ಮೊದಲನೆಯ ದಿನದಿಂದಲೂ ಕಾರ್ಖಾನೆಯಲ್ಲಿದ್ದವೆಂದು, ನಾನು ಹುಡುಕಿಸಿರಲಿಲ್ಲವೆಂದು, ಕೆಡವಿದ ಮನೆ ಎಂಬುದು ಇರಲಿಲ್ಲವೆಂದು. ಎಷ್ಟು ತಿದ್ದಿದರೂ ಒಂದು ಪುಟಕ್ಕಿಂತ ಹೆಚ್ಚಾಗಲಿಲ್ಲ. ಅಂಚೆಗೆ ಹಾಕಿದ ಮೇಲೆ ಮೈ ಹಗುರವಾಯಿತು. ಅವರು ಬೈಯಬಹುದು, ಅಥವಾ ಉತ್ತರಿಸದೆ ಇರಬಹುದು, ಎರಡಕ್ಕೂ ಸಿದ್ಧಳಾಗಿದ್ದೆ. ಬಂದ ಉತ್ತರಕ್ಕೆ ಮಾತ್ರ ಸಿದ್ಧಳಾಗಿರಲಿಲ್ಲ. ಅದೇ ದುಂಡಗಿನ ಅಕ್ಷರ, ಸ್ವಲ್ಪ ನಡುಗಿದ್ದು.

“ತಮ್ಮ ಪತ್ರ ಓದಿದೆ. ಆದದ್ದು ಆಯಿತು. ಇಷ್ಟು ದೂರ ಕಲ್ಲಿನಂಥ ಭಾರ ಹೊತ್ತು ತಂದವರ ಮೇಲೆ ನನಗೆ ಸಿಟ್ಟಿಲ್ಲ. ತಮಗೆ ತೋರಿಸಲಾಗದೆ ಹೋದ ಒಳಕೋಣೆಯಲ್ಲಿ ಇನ್ನೊಂದು ಗೋಡೆ ಇದೆ. ಅದರಲ್ಲಿ ಐದು ಹೂಜಿ, ಒಂದು ಜೋಡಿ ಗಿಳಿ ಇವೆ. ತಗಡು ಹಾಕುವಾಗ ಪಡಸಾಲೆಯಲ್ಲಿ ಉಳಿದಿದ್ದ ಗಟ್ಟಿ ಹಂಚುಗಳನ್ನು ಅದರ ಮೇಲೆ ಹಾಕಿ ಇದುವರೆಗೆ ಕಾಪಾಡಿದೆ. ಈಗ ಮಂಗಗಳು ಅವನ್ನೂ ಒಡೆದಿವೆ. ತಾವು ತಂದ ಎಂಟನ್ನು ಹೂಜಿಯೊಂದರ ನೇರಕ್ಕೆ ಹಾಕಿದ್ದೇನೆ. ಆ ಎಂಟರ ಕೆಳಗೆ ಗೋಡೆ ಒಣಗಿದೆ. ಉಳಿದವು ತಮ್ಮ ಕಾರ್ಖಾನೆಯಲ್ಲಿ ಇವೆಯೆಂದು ತಿಳಿದು ಬಹಳ ಸಂತೋಷವಾಯಿತು. ಲಾರಿಯ ವ್ಯವಸ್ಥೆ ನಾವೇ ಮಾಡುತ್ತೇವೆ. ಯಾವಾಗ ಬರಬೇಕೆಂದು ತಿಳಿಸಿರಿ.”

ಪತ್ರವನ್ನು ಕೈಯಲ್ಲೇ ಹಿಡಿದುಕೊಂಡು ಮೇಸ್ತ್ರಿಗಳ ಮನೆಗೆ ಹೋದೆ. ಅವರಿಗೂ ನಿಜವನ್ನು ಹೇಳಿದೆ. ಅವರು ಅಂಗಿ ಹಾಕಿಕೊಂಡರು. ಇಬ್ಬರೂ ಆಟೋದಲ್ಲಿ ಕಾರ್ಖಾನೆಯ ಜಾಗಕ್ಕೆ ಹೋದೆವು. ಚಿಮಿಣಿ ಇರಲಿಲ್ಲ, ಬಾದಾಮಿ ಮರ ಇರಲಿಲ್ಲ. ನೀಲಿ ತಗಡಿನ ಬೇಲಿಯ ಒಳಗೆ ನಾಲ್ಕು ಅಂತಸ್ತು ಎದ್ದಿತ್ತು. ಅಲ್ಲಿಯ ಸೂಪರ್‌ವೈಸರ್ ಮರ್ಯಾದೆಯವ. ನೆಲ ಸಮ ಮಾಡುವಾಗ ತೆಗೆದ ಮಣ್ಣು, ಕಲ್ಲು, ಹಂಚು ಎಲ್ಲವನ್ನೂ ಕಾವೂರಿನ ಕಡೆ ಒಂದು ತಗ್ಗು ಜಾಗ ತುಂಬಿಸಲು ಒಯ್ದಿದ್ದಾರೆ ಎಂದ. ಯಾವಾಗ ಎಂದು ಕೇಳಿದೆ. ಹೋದ ದೀಪಾವಳಿಯ ಹೊತ್ತಿಗೆ ಎಂದ. ಹಾಗೆಂದರೆ, ನಾನು ವಿಜಯಪುರದಿಂದ ಬಂದು ಒಂದೂವರೆ ವರ್ಷದ ವರೆಗೆ ಆ ಹಂಚುಗಳು ನಾವು ಬಿಟ್ಟುಬಂದ ಸ್ಥಳದಲ್ಲಿಯೇ ಇದ್ದವು.

ಕಾವೂರಿಗೂ ಹೋದೆವು. ಕೆರೆಯ ಆಚೆ, ಸೈಟು ಮಾಡಲು ಸಮತಟ್ಟು ಮಾಡಿದ ಒಂದು ಜಾಗ. ಮೇಲೆ ರೋಲರ್ ಓಡಿಸಿ ಗಟ್ಟಿ ಮಾಡಿದ್ದರು. ಅಂಚಿನಲ್ಲಿ ಮಣ್ಣು ಜರಿದ ಕಡೆ ಕೆಂಪು ಚೂರುಗಳು ಕಾಣುತ್ತಿದ್ದವು. ಮೇಸ್ತ್ರಿಗಳು ಒಂದು ಕೋಲು ತೆಗೆದುಕೊಂಡು ಕೆದಕಿದರು, ನಾನು ಕೈಯಿಂದ. ಬಿಸಿಲು ಏರುವವರೆಗೆ ಹುಡುಕಿದೆವು. ಅರ್ಧ ಹಂಚು ಒಂದು ಸಿಕ್ಕಿತು. ಅದರಲ್ಲಿ ಒಂದೇ ಮೀನಿತ್ತು. ಇಡಿಯದು ಒಂದೂ ಇರಲಿಲ್ಲ.

“ಸಾಕು ಬಾಯಮ್ಮ, ಇನ್ನು ಬಗ್ಗಬೇಡಿ. ಸೊಂಟ ಹಿಡಿದ್ರೆ ಮತ್ತೆ ನಾನೇ ಹೊರಬೇಕಾಗ್ತದೆ,” ಎಂದರು ಮೇಸ್ತ್ರಿಗಳು. ಕೋಲನ್ನು ಬಿಸಾಡಿ, “ಆವತ್ತು ನಾನು ಹಾಗೆ ನಗಾಡಬಾರದಿತ್ತು,” ಎಂದೂ ಸೇರಿಸಿದರು. ಅವರ ನಗುವಿಗೆ ಒಂದು ಗೋಡೆಯ ಬೆಲೆ ಇರಲಿಲ್ಲ. ನನ್ನ ಸಿಟ್ಟಿಗೂ ಇರಲಿಲ್ಲ.

ಮರುದಿನ ವಿಜಯಪುರಕ್ಕೆ ಉತ್ತರ ಬರೆದೆ. ಕಾರ್ಖಾನೆಯ ಜಾಗಕ್ಕೂ ಕಾವೂರಿಗೂ ಸ್ವತಃ ಹೋಗಿ, ಅಚ್ಚಿನ ಮೇಸ್ತ್ರಿಗಳ ಸಮಕ್ಷಮ ಹುಡುಕಲಾಗಿ, ಸದರಿ ಹಂಚುಗಳು ಲಭ್ಯವಿಲ್ಲವೆಂದು ತಿಳಿಸಿದೆ. ಯಾವ ದಿನದವರೆಗೆ ಇದ್ದವು ಎಂಬುದನ್ನೂ ಮುಚ್ಚಿಡದೆ ಬರೆದೆ. ಕೆಳಗೆ ಮೇಸ್ತ್ರಿಗಳ ಸಹಿಯನ್ನು ಹಾಕಿಸಿಕೊಂಡೆ. ಅವರಿಗೆ ಈಗ ಕೈ ನಡುಗುವುದರಿಂದ ಸಹಿ ಕಾಗದದ ಅಂಚಿನವರೆಗೆ ಹೋಗಿದೆ. ಅಷ್ಟು ವರ್ಷಗಳಲ್ಲಿ ನಾನು ಬರೆದ ಉತ್ತರಗಳ ಪೈಕಿ ಸ್ವತಃ ಹೋಗಿ ನೋಡಿ ಬರೆದದ್ದು ಅದೊಂದೇ. ನೋಡುವುದಕ್ಕೆ ಏನೂ ಉಳಿಯದ ಮೇಲೆ.

ಹಳೆಯ ಮನೆಗಳನ್ನು ಕೆಡವುವ ಕಡೆಗಳಲ್ಲೆಲ್ಲ ನಾವಿಬ್ಬರೂ ಈಗ ಹೋಗಿ ವಿಚಾರಿಸುತ್ತಿದ್ದೇವೆ. ಬಳ್ಳಿಗೆರೆಯ ಒಳಗೆ ಎರಡು ಮೀನಿರುವ ಹಂಚು ಇದುವರೆಗೆ ನಾಲ್ಕು ಸಿಕ್ಕಿವೆ. ಓದುಗರ ಪೈಕಿ ಯಾರ ಮಾಡಿನ ಮೇಲಾದರೂ ಇದ್ದರೆ, ಕೆಡವುವ ಮೊದಲು ಒಂದು ಹಂಚನ್ನು ತಿರುಗಿಸಿ ನೋಡಬೇಕಾಗಿ ಕೋರುತ್ತೇನೆ.

ಹಿರಿಯರಿಂದ ಇನ್ನೂ ಉತ್ತರ ಬಂದಿಲ್ಲ. ಇಲ್ಲಿ ಮಳೆ ಶುರುವಾಗಿ ವಾರವಾಯಿತು. ಬೆಳಿಗ್ಗೆ ಪತ್ರಿಕೆ ಬಂದೊಡನೆ ನಾನು ಮಂಗಳೂರಿನ ಸುದ್ದಿಯನ್ನು ಬಿಟ್ಟು ವಿಜಯಪುರದಲ್ಲಿ ಮಳೆಯಾಯಿತೇ ಎಂದು ನೋಡುತ್ತೇನೆ. ಇಂದಿನ ಪತ್ರಿಕೆಯಲ್ಲಿ, ಅಲ್ಲಿ ಮೋಡ ಕವಿದಿದೆ ಎಂದಿದೆ.